‘ಟಿಚ್’ ಎಂಬ ಅನವಶ್ಯಕ ಸದ್ದಿನ ಬಗ್ಗೆ

ವೈದ್ಯಕೀಯ ಸಾಧನಗಳ ಅನುಮೋದನಾ ಕಚೇರಿಯ ಮುಖ್ಯ ಪರಿಶೀಲನಾಧಿಕಾರಿಗಳಿಗೆ,

ಮಾನ್ಯರೇ,

ನಾವು ತಯಾರಿಸಿದ ಔಷಧದ ಪಂಪಿನ ಮುಚ್ಚಳ ಹಾಕಿದಾಗ ‘ಟಿಚ್’ ಎಂದು ಸದ್ದಾಗುತ್ತದೆ. ಆ ಸದ್ದು ಅನವಶ್ಯಕ, ಅದನ್ನು ನಿವಾರಿಸಿ ಮತ್ತೆ ಅರ್ಜಿ ಹಾಕಿ ಎಂದು ತಾವು ಬರೆದು ಕಳಿಸಿದ್ದೀರಿ. ಆ ಸದ್ದನ್ನು ಹುಟ್ಟಿಸಿದವನು ನಾನು. ಅದನ್ನು ನಿವಾರಿಸಲಾರೆ ಎಂದು ತಿಳಿಸುವುದಕ್ಕೇ ಈ ಬಹಿರಂಗ ಪತ್ರ. ಇದನ್ನು ಗುಟ್ಟಾಗಿಯೇ ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಹೇಳಿದ್ದೆ. ತಮ್ಮ ಕಚೇರಿಯಿಂದ ‘ವಿಷಯವು ಸೂಕ್ತ ಗಮನದಲ್ಲಿದೆ’ ಎಂಬ ಉತ್ತರ ಬಂತು. ಅಡ್ಡಗೋಡೆಯ ಮೇಲೆ ದೀಪವಿಡುವ ಕಲೆಯಲ್ಲಿ ತಮ್ಮ ಕಚೇರಿಯನ್ನು ಮೀರಿಸುವವರಿಲ್ಲ. ಆ ದೀಪದ ಬೆಳಕು ನಮ್ಮ ಮನೆಯ ಕಡೆಗೂ ಸ್ವಲ್ಪ ಬೀಳಲಿ ಎಂದು ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ.

ಮೊದಲು ನನ್ನ ಪರಿಚಯ. ನಾನು ವೈದ್ಯಕೀಯ ಸಾಧನಗಳನ್ನು ಮಾಡುವ ಕಂಪನಿಯೊಂದರಲ್ಲಿ ಹಿರಿಯ ಮೆಕ್ಯಾನಿಕಲ್ ವಿನ್ಯಾಸ ಎಂಜಿನಿಯರ್. ಇದನ್ನು ಕೇಳಿದ ನೆಂಟರು, “ಓ, ಮೆಡಿಕಲ್ ಶಾಪಾ?” ಎನ್ನುತ್ತಾರೆ. ನಮ್ಮ ಭಾವನವರೊಬ್ಬರು ಈಗಲೂ ಮನೆಗೆ ಬರುವಾಗ ಕೆಮ್ಮಿನ ಔಷಧಿ ತೆಗೆದಿಟ್ಟಿರು ಎಂದು ಫೋನ್ ಮಾಡುತ್ತಾರೆ. ನಿಜವಾಗಿ ನನ್ನದು ಕೀಲು, ಸ್ಪ್ರಿಂಗು, ತಿರುಪು, ಮುಚ್ಚಳಗಳ ಕೆಲಸ. ಔಷಧ ಕಂಡುಹಿಡಿಯುವವರು ಬೇರೆ, ಬರೆದುಕೊಡುವವರು ಬೇರೆ, ಗುಣವಾದರೆ ಹೆಸರು ಪಡೆಯುವವರು ಇನ್ನೂ ಬೇರೆ. ಇವರೆಲ್ಲರ ನಡುವೆ ಪ್ಲಾಸ್ಟಿಕ್ಕಿನ ಒಂದು ಮುಚ್ಚಳವಿರುತ್ತದೆ. ಅದು ಸರಿಯಾಗಿ ಕೂತರೆ ಯಾರಿಗೂ ಗೊತ್ತಾಗುವುದಿಲ್ಲ, ಕೂರದಿದ್ದರೆ ನನ್ನನ್ನು ಕರೆಯುತ್ತಾರೆ. ‘ಹಿರಿಯ’ ಎಂಬ ಮಾತಿಗೂ ದೊಡ್ಡ ಅರ್ಥವಿಲ್ಲ. ಮೊದಲು ಒಂದು ಮುಚ್ಚಳಕ್ಕೆ ಬೈಸಿಕೊಳ್ಳುತ್ತಿದ್ದವನು ಈಗ ಎಲ್ಲ ಮುಚ್ಚಳಗಳಿಗೂ ಬೈಸಿಕೊಳ್ಳುತ್ತಾನೆ, ಅಷ್ಟೆ.

ಈಗ ಮೇಜಿನ ಮೇಲಿರುವ ಪಂಪಿನ ಸಂಗತಿ. ಅಂಗೈಯಷ್ಟಗಲದ ಪೆಟ್ಟಿಗೆ. ಒಳಗೆ ಔಷಧ ತುಂಬಿದ ಸಿರಿಂಜು ಮಲಗಿರುತ್ತದೆ. ಸಣ್ಣ ಮೋಟಾರೊಂದು ಸಿರಿಂಜಿನ ಹಿಂಭಾಗದ ದಂಡವನ್ನು ಇರುವೆಗಿಂತ ನಿಧಾನವಾಗಿ ತಳ್ಳುತ್ತದೆ. ಔಷಧ ಎಳೆಯಷ್ಟು ತೆಳುವಾದ ಕೊಳವೆಯಲ್ಲಿ ಹರಿದು, ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಹನಿಹನಿಯಾಗಿ ಚರ್ಮದ ಅಡಿಗೆ ಇಳಿಯುತ್ತದೆ. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುವವರು, ನಡೆಯುತ್ತ ನಡೆಯುತ್ತ ಇದ್ದಲ್ಲೇ ಮರಗಟ್ಟಿ ನಿಲ್ಲುವವರು ಇದನ್ನು ಚೀಲದಲ್ಲಿ ಹಾಕಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಾರೆ. ಔಷಧ ಇಳಿಯುತ್ತಿರುವಷ್ಟು ಹೊತ್ತು ಅವರ ಮೈ ಅವರ ಮಾತು ಕೇಳುತ್ತದೆ. ಈ ಬಗೆಯ ಪಂಪುಗಳಲ್ಲಿ ಮುಚ್ಚಳ ಪೂರ್ತಿ ಕೂರದಿದ್ದರೆ ಸಿರಿಂಜು ಜಾಗದಿಂದ ಕೊಂಚ ಸರಿಯಬಹುದು. ಆಗ ಮೋಟಾರು ಗಾಳಿಯನ್ನು ತಳ್ಳುತ್ತಿರುತ್ತದೆ, ದಂಡ ಇದ್ದಲ್ಲೇ ಇರುತ್ತದೆ. ಯಂತ್ರ ಮಾತ್ರ ತಾನು ಕೆಲಸ ಮಾಡುತ್ತಿದ್ದೇನೆಂದೇ ನಂಬಿಕೊಂಡು, ದೀಪ ಉರಿಸಿಕೊಂಡು ಸಂತೋಷವಾಗಿ ಓಡುತ್ತದೆ. ಇಂಥವರನ್ನು ತಾವು ಯಂತ್ರಗಳಲ್ಲಲ್ಲದೆ ಬೇರೆಡೆಯೂ ಕಂಡಿರಬಹುದು.

ನಮ್ಮ ಮನೆಯಲ್ಲೂ ಇಂಥದೊಂದು ಪಂಪಿದೆ, ಆದರೆ ಅದು ನಾನು ಮಾಡಿದ್ದಲ್ಲ. ಅದು ಈಗಾಗಲೇ ಮಾರುಕಟ್ಟೆಯಲ್ಲಿರುವ, ತಮ್ಮ ಮೊಹರು ಬಿದ್ದಿರುವ, ಸದ್ದಿಲ್ಲದ ಮುಚ್ಚಳದ ಪಂಪು. ಕಟ್ಟಿಕೊಂಡಿರುವವರು ನಮ್ಮ ಚಿಕ್ಕಮ್ಮ, ಅಂದರೆ ನನ್ನ ತಾಯಿಯ ತಂಗಿ. ನಮ್ಮ ಜೊತೆಯಲ್ಲೇ ಇದ್ದಾರೆ. ಬದುಕಿಡೀ ಮಕ್ಕಳ ಬಟ್ಟೆ ಹೊಲಿದವರು. ಅವರು ಹೊಲಿದ ಫ್ರಾಕು, ಅಂಗಿಗಳಿಗೆಲ್ಲ ಒತ್ತಿದರೆ ಟಿಚ್ ಎನ್ನುವ ಟಿಚ್ ಬಟನ್ನೇ. ಕಾಜಾ ಮಾಡಿ ಗುಂಡಿ ಹಚ್ಚಿದರೆ ಮಕ್ಕಳು ಅರ್ಧ ಹಾಕಿಕೊಂಡು ಓಡುತ್ತವೆ ಎನ್ನುವುದು ಅವರ ಸಿದ್ಧಾಂತ. ನಾನು ಚಿಕ್ಕವನಿದ್ದಾಗ ಶಾಲೆಗೆ ಹೊರಡುವ ಹೊತ್ತಿಗೆ ಅವರು ಹೊಲಿಗೆ ಯಂತ್ರದ ಮುಂದೆ ನನಗೆ ಬೆನ್ನು ಹಾಕಿ ಕೂತಿರುತ್ತಿದ್ದರು. ತಿರುಗಿ ನೋಡದೆಯೇ, “ಏಯ್, ಕತ್ತಿಂದು ಹಾಕಿಲ್ಲ ನೀನು,” ಎನ್ನುತ್ತಿದ್ದರು. ಹಾಕಿರುತ್ತಿರಲಿಲ್ಲ. ಈ ಹೆಂಗಸಿಗೆ ಬೆನ್ನಲ್ಲಿ ಕಣ್ಣಿದೆ ಎಂದು ನಾನು ನಂಬಿದ್ದೆ. ಕಣ್ಣಲ್ಲ, ಕಿವಿ ಎಂದು ತಿಳಿಯಲು ನಾನು ಎಂಜಿನಿಯರ್ ಆಗಬೇಕಾಯಿತು.

ಆ ಚಿಕ್ಕಮ್ಮನ ಬೆರಳು ಈಗ ನಡುಗುತ್ತದೆ. ಅದರಲ್ಲೂ ಬೆಳಿಗ್ಗೆ ಎದ್ದಾಗ ಬಹಳ, ಏಕೆಂದರೆ ಮೈಯಲ್ಲಿ ಔಷಧವಿರುವುದಿಲ್ಲ. ಇಲ್ಲಿ ತಮ್ಮ ಗಮನ ಬೇಡುತ್ತೇನೆ. ಕೈ ಅತಿ ಹೆಚ್ಚು ನಡುಗುವ ಹೊತ್ತು ಯಾವುದೋ, ಮುಚ್ಚಳ ಹಾಕಬೇಕಾದ ಹೊತ್ತೂ ಅದೇ. ನಡುಗುವ ಬೆರಳು ಒತ್ತಿದೆನೋ ಇಲ್ಲವೋ ಎಂಬ ಸುದ್ದಿಯನ್ನು ತಲೆಗೆ ಸರಿಯಾಗಿ ಮುಟ್ಟಿಸುವುದಿಲ್ಲ. ಮುಚ್ಚಳದ ಅಂಚಿನಲ್ಲಿ ಹಸಿರು ಚುಕ್ಕೆಯೊಂದಿದೆ, ಸರಿಯಾಗಿ ಕೂತರೆ ಕಾಣುತ್ತದೆ. ಎಲ್ಲಿ? ಸೊಂಟದ ಪಕ್ಕ, ಚೀಲದೊಳಗೆ, ಸೆರಗಿನ ಅಡಿಯಲ್ಲಿ. ಆ ಚುಕ್ಕೆಯನ್ನು ಅಲ್ಲಿಟ್ಟ ಮಹಾನುಭಾವರು ಪಂಪನ್ನು ಮೇಜಿನ ಮೇಲಿಟ್ಟುಕೊಂಡು ಚಿತ್ರ ಬರೆದಿರಬೇಕು. ಹಾಗಾಗಿ ದಿನಾ ಬೆಳಿಗ್ಗೆ ಚಿಕ್ಕಮ್ಮ ಮುಚ್ಚಳ ಒತ್ತಿ, ನನ್ನ ಹೆಂಡತಿಯನ್ನು ಕೂಗುತ್ತಾರೆ: “ಮುಚ್ಚಿತೇನೇ?” ಅವಳು ಒಲೆ ಸಣ್ಣ ಮಾಡಿ ಬಂದು, ಬಗ್ಗಿ, ಚೀಲ ಸರಿಸಿ ನೋಡಿ, “ಮುಚ್ಚಿತು ಚಿಕ್ಕಮ್ಮ,” ಎನ್ನುತ್ತಾಳೆ. ಕೆಲವು ದಿನ, “ಇಲ್ಲ, ಇನ್ನೊಂಚೂರು ಒತ್ತಿ,” ಎನ್ನುತ್ತಾಳೆ.

ಇದರಲ್ಲೇನು ಕಷ್ಟ ಎಂದು ತಮಗನ್ನಿಸಬಹುದು. ಚಿಕ್ಕಮ್ಮನನ್ನು ಕೇಳಿ. ಒಂದು ದಿನ ನನ್ನೆದುರೇ ಸಿಡುಕಿದರು: “ಊರ ಮಕ್ಕಳ ಗುಂಡಿ ಎಲ್ಲಾ ನಾನು ಹಾಕ್ಸಿದೀನಿ. ಈಗ ನನ್ನ ಮುಚ್ಚಳ ಹಾಕಕ್ಕೆ ಮೇಲ್ವಿಚಾರಣೆ ಬೇರೆ. ಬೆಳಗಾದ್ರೆ ಸಾಕು, ಎಲ್ಲರೂ ನನ್ನ ಸೊಂಟ ನೋಡೋರೇ!”

ನನ್ನ ಹೆಂಡತಿ ನಕ್ಕಳು. ಚಿಕ್ಕಮ್ಮ ನಗಲಿಲ್ಲ.

ನಮ್ಮ ಪಂಪಿನ ಅರ್ಜಿ ತಮ್ಮ ಕಚೇರಿಯನ್ನು ಸೇರಿ ಧ್ಯಾನಕ್ಕೆ ಕೂತಿದ್ದ ದಿನಗಳಲ್ಲಿ ಒಮ್ಮೆ ಹೀಗಾಯಿತು. ನನ್ನ ಹೆಂಡತಿಗೆ ಕೆಲಸಕ್ಕೆ ಹೊರಡುವ ಅವಸರ. ಚಿಕ್ಕಮ್ಮ, “ನೀನು ಹೋಗು ಮಾರಾಯ್ತಿ, ನಾನೇ ಹಾಕ್ಕೊಂಡಿದೀನಿ, ಸರಿಯಾಗೇ ಕೂತಿದೆ,” ಎಂದರು. ಇವಳು ಹೋದಳು. ನಾನು ಆಗಲೇ ಹೋಗಿದ್ದೆ. ಮೇಲ್ಮನೆಯವರ ಮಗುವಿಗೆಂದು ಚಿಕ್ಕಮ್ಮ ಹಲವು ದಿನ ಕೂತು ಒಂದು ಫ್ರಾಕ್ ಹೊಲಿದಿದ್ದರು. ಅದಕ್ಕೆ ಇಸ್ತ್ರಿ ಹಾಕಲು ನಿಂತರು. ಪಂಪಿನ ಜೊತೆಗೆ ಬೆಳಿಗ್ಗೆ ನುಂಗುವ ಮಾತ್ರೆಯ ಬಲ ಇರುವವರೆಗೆ ಕೈ ಆಡಿತು. ಅದು ಇಳಿಯುತ್ತಿದ್ದಂತೆ, ಹರಿಯಬೇಕಿದ್ದ ಔಷಧ ಹರಿಯದೆ, ಇಸ್ತ್ರಿಪೆಟ್ಟಿಗೆಯ ಹಿಡಿ ಕೈಯಲ್ಲಿರುವಾಗಲೇ ಮೈ ಮರಗಟ್ಟಿತು. ಎತ್ತಲಾಗಲಿಲ್ಲ, ಬಿಡಲಾಗಲಿಲ್ಲ, ಕೂಗಿದರೆ ದನಿ ಹೊರಗೆ ಬರಲಿಲ್ಲ. ಅವರು ನಿಂತು ನೋಡುತ್ತಿದ್ದಂತೆ ಫ್ರಾಕಿನ ಮೇಲೆ ಮೊದಲು ಕಂದು ಬಣ್ಣ ಬಂತು, ಆಮೇಲೆ ಹೊಗೆ ಬಂತು. ಸೊಂಟದಲ್ಲಿ ಪಂಪು ದೀಪ ಉರಿಸಿಕೊಂಡು ತನ್ನ ಪಾಡಿಗೆ ಓಡುತ್ತಿತ್ತು. ಮೇಲ್ಮನೆಯಾಕೆ ಸುಟ್ಟ ವಾಸನೆ ಹಿಡಿದು ಓಡಿಬಂದು, ಸ್ವಿಚ್ ಆರಿಸಿ, ಚಿಕ್ಕಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಮುಚ್ಚಳ ಅರ್ಧ ಮಾತ್ರ ಕೂತಿತ್ತು.

ನಾನು ಮನೆ ತಲುಪಿದಾಗ ಚಿಕ್ಕಮ್ಮ ಕುರ್ಚಿಯಲ್ಲಿ ಕೂತಿದ್ದರು, ತೊಡೆಯ ಮೇಲೆ ಆ ಫ್ರಾಕ್. “ಕೈ ಸುಟ್ಟಿತಾ ಚಿಕ್ಕಮ್ಮ?” ಎಂದೆ.

“ಕೈಗೇನಾಗಿಲ್ಲ ಬಿಡು. ಕಾಲರ್ ನೋಡೋ, ಎಷ್ಟು ಚೆನ್ನಾಗಿ ಕೂರ್ಸಿದ್ದೆ,” ಎಂದರು.

ಅವತ್ತೇ ನನ್ನ ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನು ಬೀರುವಿನ ಮೇಲೆ, ಚಿಕ್ಕಮ್ಮನ ಕೈಗೆ ಎಟುಕದಂತೆ ಇಟ್ಟಳು. ತಪ್ಪೆಂದು ನಾನು ಹೇಳಲಾರೆ, ನಾನಾದರೂ ಇಡುತ್ತಿದ್ದೆ. ಕತ್ತರಿಯೂ ಮೇಲೆ ಹೋಯಿತು. ಚಿಕ್ಕಮ್ಮ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿದರು. “ಇಸ್ತ್ರಿ ಇಲ್ದೆ ಹೊಲಿಯೋದು ಒಂದು ಹೊಲಿಗೆನಾ?” ಎಂದು ಒಂದೇ ಸಲ ಕೇಳಿದ್ದು. ಅವರು ಹಾಗೆ ಸುಮ್ಮನಾದದ್ದು ನನಗೆ ಬಹಳ ನೋವು ತಂದಿತು. ಬೈದಿದ್ದರೆ ಸಹಿಸಬಹುದಿತ್ತು.

ಮಾನ್ಯರೇ, ತಾವು ‘ಅನವಶ್ಯಕ’ ಎಂದ ಸದ್ದಿನ ಹಿಂದೆ ಎಷ್ಟು ಜನರ ಬೆವರಿದೆ ಎಂಬುದನ್ನೂ ಸ್ವಲ್ಪ ಕೇಳಿ. ಮುಚ್ಚಳಕ್ಕೆ ಸದ್ದು ಕೊಡುವುದು ಕಷ್ಟವಲ್ಲ. ಸುಳ್ಳು ಹೇಳದ ಸದ್ದು ಕೊಡುವುದು ಕಷ್ಟ. ಮಾರುಕಟ್ಟೆಯ ಎಷ್ಟೋ ಡಬ್ಬಿಗಳಲ್ಲಿ ಸದ್ದು ಮಾಡುವ ಭಾಗ ಬೇರೆ, ಬಿಗಿ ಹಿಡಿಯುವ ಭಾಗ ಬೇರೆ. ಸದ್ದು ಮೊದಲು ಬರುತ್ತದೆ, ಕೆಲಸ ಆಮೇಲೆ ಆದರೂ ಆಯಿತು, ಆಗದಿದ್ದರೂ ಆಯಿತು. ಈ ವಿನ್ಯಾಸವನ್ನು ಅನೇಕ ಇಲಾಖೆಗಳು ಅನುಸರಿಸುತ್ತಿರುವುದು ತಮಗೆ ತಿಳಿಯದ್ದೇನಲ್ಲ. ನಮ್ಮ ಮುಚ್ಚಳದಲ್ಲಿ ಬಿಗಿ ಹಿಡಿಯುವ ತುಟಿಯೇ ಸದ್ದು ಮಾಡಬೇಕು, ಅದು ಪೂರ್ತಿ ಕೆಳಗಿಳಿದು ಕಚ್ಚಿಕೊಂಡ ಗಳಿಗೆಯಲ್ಲೇ ಮಾಡಬೇಕು, ಅದಕ್ಕೆ ಮೊದಲು ತೆಪ್ಪಗಿರಬೇಕು ಎಂದು ನಾನು ಹಟ ಹಿಡಿದೆ. ಅಚ್ಚು ಮಾಡುವ ನಮ್ಮ ಹಿರಿಯರೊಬ್ಬರಿದ್ದಾರೆ. ಅವರನ್ನು ‘ಕೂದಲೆಳೆ ಮೇಷ್ಟ್ರು’ ಎನ್ನುತ್ತೇವೆ. ತಲೆಯಲ್ಲಿ ಒಂದೂ ಇಲ್ಲ, ಅಳತೆಯೆಲ್ಲ ಕೂದಲೆಳೆಯಲ್ಲೇ. ನಾನು ಮುಚ್ಚಳ ಹಿಡಿದು ಹೋದಾಗಲೆಲ್ಲ, “ಏನ್ರೀ, ಇನ್ನೂ ಅರ್ಧ ಕೂದಲು ತೆಗೀಬೇಕಾ? ನೀವು ಮುಚ್ಚಳ ಮಾಡ್ತಿದೀರೋ, ವೀಣೆ ಮಾಡ್ತಿದೀರೋ?” ಎಂದು ಕೇಳುತ್ತಿದ್ದರು. ಕೇಳಿಯೂ ತೆಗೆದುಕೊಡುತ್ತಿದ್ದರು. ಒಂದು ಮಾದರಿಯ ಸದ್ದು ಬೆರಳು ನೆಟಿಗೆ ತೆಗೆದಂತೆ ಇತ್ತು, ಇನ್ನೊಂದರದ್ದು ಹಲ್ಲಿ ಲೊಚಗುಟ್ಟಿದಂತೆ. ಕಡೆಗೆ ಒಂದು ದಿನ ಮುಚ್ಚಳ ಒತ್ತಿದರೆ ಚಿಕ್ಕಮ್ಮನ ಟಿಚ್ ಬಟನ್ನಿನ ಸದ್ದೇ ಬಂತು. ನಾನು ಕುಣಿಯುವುದೊಂದು ಬಾಕಿ. ಮೇಷ್ಟ್ರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟರು.

ಆ ಮುಚ್ಚಳದ ಪಂಪು ಈಗ ದಿನವೂ ನನ್ನ ಚೀಲದಲ್ಲಿ ನಮ್ಮ ಮನೆಗೆ ಬರುತ್ತದೆ, ಹೋಗುತ್ತದೆ. ಚಿಕ್ಕಮ್ಮ ಅದನ್ನು ಒಮ್ಮೆ ಖಾಲಿಯಾಗಿ ಒತ್ತಿ ನೋಡಿದ್ದಾರೆ. ಟಿಚ್ ಎಂದಿತು. ಮುಖ ಅರಳಿತು. “ಇದನ್ನೇ ಕೊಡೋ ನಂಗೆ.”

“ಇನ್ನೂ ಅನುಮೋದನೆ ಆಗಿಲ್ಲ ಚಿಕ್ಕಮ್ಮ.”

“ಮಾಡಿದೋನು ನೀನೇ ತಾನೇ?”

“ಮಾಡಿದೋನು ನಾನೇ. ಹೂಂ ಅನ್ನಬೇಕಾದೋರು ಬೇರೆ.”

“ಹಾಗಾದ್ರೆ ಅವರಿಗೆ ಹೇಳು, ನಿಮ್ಮ ಮನೇಲೂ ವಯಸ್ಸಾದೋರು ಇರ್ತಾರೆ ಅಂತ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆಯನ್ನು ನಾನು ದಿನಾ ಹೆಗಲಿಗೆ ಹಾಕಿಕೊಂಡು ತಿರುಗುತ್ತಿದ್ದೇನೆ. ಆದರೂ ಕೊಟ್ಟಿಲ್ಲ. ಕೊಡುವುದೂ ಇಲ್ಲ. ತಮ್ಮ ಕಚೇರಿ ಇರಬೇಕು ಎಂದು ತಮಗಿಂತ ಹೆಚ್ಚು ನಂಬುವವನು ನಾನು. ಎಲ್ಲ ಎಂಜಿನಿಯರುಗಳೂ ತಾವು ಮಾಡಿದ್ದನ್ನು ತಮ್ಮ ಚಿಕ್ಕಮ್ಮಂದಿರ ಮೇಲೆ ಪ್ರಯೋಗಿಸಲು ಹೊರಟರೆ ಈ ಲೋಕದಲ್ಲಿ ಚಿಕ್ಕಮ್ಮಂದಿರು ಉಳಿಯುವುದಿಲ್ಲ. ಪರೀಕ್ಷಿಸಿ, ಉಗಿಯಿರಿ, ತಪ್ಪು ತೋರಿಸಿ, ಬೇಕಾದರೆ ಪಂಪನ್ನು ಮಹಡಿಯಿಂದ ಕೆಳಗೆ ಎಸೆದು ನೋಡಿ. ನಾವೂ ಎಸೆದಿದ್ದೇವೆ. ನನ್ನ ತಕರಾರು ತಮ್ಮ ಪರೀಕ್ಷೆಯ ಬಗ್ಗೆ ಅಲ್ಲ. ಪರೀಕ್ಷೆ ಮಾಡುತ್ತಿದ್ದಾಗ ತಮ್ಮ ಕಿವಿ ಎಲ್ಲಿತ್ತು ಎಂಬುದರ ಬಗ್ಗೆ.

ತಮ್ಮ ಆಕ್ಷೇಪಣೆಯ ಮೂಲ ನನಗೆ ಗೊತ್ತಿದೆ. ಆಸ್ಪತ್ರೆಯ ವಾರ್ಡುಗಳಲ್ಲಿ ಗದ್ದಲ ಹೆಚ್ಚಾಗಿದೆ, ಎಚ್ಚರಿಕೆಯ ಗಂಟೆಯೊಂದನ್ನು ಬಿಟ್ಟು ಸಾಧನಗಳು ಬೇರೆ ಸದ್ದು ಮಾಡಬಾರದು ಎಂದು ಒಂದು ಸೂಚನೆ ಇದೆ. ಒಳ್ಳೆಯ ಸೂಚನೆಯೇ. ವಾರ್ಡಿನಲ್ಲಿ ಕಬ್ಬಿಣದ ಸ್ಟೂಲು ಎಳೆಯುತ್ತಾರೆ, ತಳ್ಳುಗಾಡಿಯ ಚಕ್ರ ಕಿರುಗುಟ್ಟುತ್ತದೆ, ಬಾಗಿಲು ದಢಾರ್ ಎನ್ನುತ್ತದೆ, ನೋಡಲು ಬಂದವರು ರೋಗಿಯ ತಲೆಯ ಮೇಲೆಯೇ ಫೋನಿನಲ್ಲಿ ಜಗಳವಾಡುತ್ತಾರೆ. ಇಷ್ಟೆಲ್ಲದರ ನಡುವೆ ತಮ್ಮ ಕೈಗೆ ಸಿಕ್ಕಿದ್ದು, ಮನೆಯಲ್ಲಿ ದಿನಕ್ಕೊಮ್ಮೆ ‘ಟಿಚ್’ ಎನ್ನುವ ನನ್ನ ಮುಚ್ಚಳ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಹಿರಿಯರು ಹೇಳಿದ್ದು ಇದಕ್ಕೇ ಇರಬೇಕು. ಮಾತು ಬೆಳ್ಳಿ, ಮೌನ ಬಂಗಾರ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅದು ಮನುಷ್ಯರಿಗೆ ಹೇಳಿದ್ದು. ಮುಚ್ಚಳಗಳಿಗೆ ಯಾರೂ ಹೇಳಿಲ್ಲ.

ಸದ್ದೇ ಬೇಡವೆಂದರೆ ತಮ್ಮ ಮೊಹರಿನಿಂದಲೇ ಶುರು ಮಾಡೋಣವೇ? ವಿಚಾರಣೆಗೆ ಕರೆದ ದಿನ ನಾನು ತಮ್ಮ ಕೋಣೆಯ ಹೊರಗಿನ ಬೆಂಚಿನಲ್ಲಿ ಬಹಳ ಹೊತ್ತು ಕೂತಿದ್ದೆ. ಕಾಯಿಸಿದ್ದಕ್ಕೆ ಬೇಸರವಿಲ್ಲ, ಅಲ್ಲೊಂದು ಪಾಠವಾಯಿತು. ಒಳಗಿನಿಂದ ‘ಠಪ್’ ಎಂದು ಕೇಳಿದ ಕೂಡಲೇ ಬಾಗಿಲಲ್ಲಿದ್ದ ಜವಾನರು ಎದ್ದು ಒಳಗೆ ಹೋಗಿ ಫೈಲು ಎತ್ತಿಕೊಂಡು ಬರುತ್ತಿದ್ದರು. ತಾವು ಕರೆಗಂಟೆ ಒತ್ತಲಿಲ್ಲ, ಹೆಸರು ಹಿಡಿದು ಕರೆಯಲಿಲ್ಲ. ಠಪ್ ಎಂದರೆ ಕೆಲಸವಾಯಿತು. ಒಮ್ಮೆ ಸದ್ದು ಸ್ವಲ್ಪ ಮೆತ್ತಗೆ ಬಂತು. ಜವಾನರು ಅರ್ಧ ಎದ್ದವರು ಮತ್ತೆ ಕೂತು, “ಸರಿಯಾಗಿ ಬಿದ್ದಿಲ್ಲ, ಇನ್ನೊಂದ್ಸಲ ಹಾಕ್ತಾರೆ ನೋಡಿ,” ಎಂದರು. ತಾವು ಇನ್ನೊಂದು ಸಲ ಹಾಕಿದಿರಿ. ಆ ಸದ್ದು ಅನವಶ್ಯಕವೇ? ನಾಳೆಯಿಂದ ಸ್ಪಂಜಿನ ಮೊಹರು ಕೊಟ್ಟರೆ ತಮ್ಮ ಕೈಗೆ ಕೆಲಸ ಮಾಡಿದ ತೃಪ್ತಿ ಸಿಗುತ್ತದೆಯೇ?

ಆಮೇಲೆ ನನ್ನನ್ನು ಒಳಗೆ ಕರೆದಿರಿ. ಅಲ್ಲಿ ನಡೆದದ್ದನ್ನು ತಾವು ಮರೆತಿರಬಹುದು, ನಾನು ಮರೆಯಲಾರೆ. ತಮ್ಮ ಆಜ್ಞೆಯಂತೆ ಸದ್ದಡಗಿಸಿದ ಮಾದರಿಯೊಂದನ್ನು, ಹೋಲಿಕೆಗೆ ಸದ್ದಿರುವ ಮಾದರಿಯೊಂದನ್ನು ಮೇಜಿನ ಮೇಲಿಟ್ಟೆ. ತಾವು ಮೊದಲು ಸದ್ದಿರುವುದನ್ನು ಎತ್ತಿಕೊಂಡು ಮುಚ್ಚಳ ಒತ್ತಿದಿರಿ. ಟಿಚ್. ಕೂಡಲೇ ಅದನ್ನು ಪಕ್ಕಕ್ಕಿಟ್ಟು, ಚಹಾದ ಲೋಟಕ್ಕೆ ಕೈ ಹಾಕಿ, “ಇದೇ ನೋಡಿ, ಈ ಸದ್ದು, ಇದು ಯಾಕ್ರೀ ಬೇಕು?” ಎಂದಿರಿ. ಅದರ ಕಡೆ ಮತ್ತೆ ತಿರುಗಿ ನೋಡಲಿಲ್ಲ. ನೋಡುವ ಅಗತ್ಯ ತಮಗೆ ಬೀಳಲಿಲ್ಲ. ಆಮೇಲೆ ಸದ್ದಿಲ್ಲದ್ದನ್ನು ಎತ್ತಿಕೊಂಡಿರಿ. ಒತ್ತಿದಿರಿ. ಮತ್ತೆ ಒತ್ತಿದಿರಿ. ಕನ್ನಡಕ ಹಣೆಗೇರಿಸಿ ಅಂಚನ್ನು ಕಣ್ಣ ಹತ್ತಿರ ಹಿಡಿದು ನೋಡಿದಿರಿ. ಉಗುರಿನಿಂದ ಮೀಟಿದಿರಿ, ಅದು ತೆರೆದುಕೊಂಡಿತು. ಪುನಃ ಒತ್ತಿದಿರಿ. ಚಹಾ ಆರುತ್ತಿತ್ತು. ಕಡೆಗೆ ಪಂಪನ್ನು ನನ್ನ ಕಡೆ ತಿರುಗಿಸಿ ಒಂದು ಪ್ರಶ್ನೆ ಕೇಳಿದಿರಿ.

“ಮುಚ್ಚಿತೇನ್ರೀ?”

ನಾನು ಬಗ್ಗಿ ನೋಡಿ, “ಮುಚ್ಚಿತು ಸರ್,” ಎಂದೆ. ನನ್ನ ಹೆಂಡತಿ ದಿನಾ ಹೇಳುವ ಮಾತು ನನ್ನ ಬಾಯಲ್ಲಿ ಬಂದಿತ್ತು. ತಾವು ನೆಮ್ಮದಿಯಿಂದ, “ಹಾಂ, ಇದು ಚೆನ್ನಾಗಿದೆ, ಇದನ್ನೇ ಇಟ್ಕೊಳ್ಳಿ,” ಎಂದಿರಿ. ಹೊರಗೆ ಬರುವಾಗ ಬೆನ್ನ ಹಿಂದೆ ಠಪ್ ಎಂದಿತು. ಜವಾನರು ಎದ್ದರು.

ಈಗ ಹೇಳಿ. ತಮ್ಮ ಕೈ ನಡುಗುವುದಿಲ್ಲ. ಕಣ್ಣು ಚೆನ್ನಾಗಿದೆ, ಕನ್ನಡಕವಿದೆ, ತಲೆಯ ಮೇಲೆ ದೀಪವಿದೆ. ಪಂಪು ಇದ್ದದ್ದು ಮೇಜಿನ ಮೇಲೆ, ಸೆರಗಿನ ಅಡಿಯಲ್ಲಲ್ಲ. ಜೊತೆಗೆ ಆ ಮುಚ್ಚಳವನ್ನು ಮಾಡಿದ ಎಂಜಿನಿಯರನೇ ಎದುರಿಗೆ ಕೂತಿದ್ದ. ಇಷ್ಟಿದ್ದೂ ತಾವು ಕೇಳಬೇಕಾಯಿತು, ಕೇಳಲು ತಮಗೊಬ್ಬ ಮನುಷ್ಯ ಸಿಕ್ಕ. ಒಬ್ಬರೇ ಇರುವ ಮನೆಯಲ್ಲಿ, ಬೆಳಗಿನ ನಡುಕದಲ್ಲಿ, ಅದೇ ಪ್ರಶ್ನೆಯನ್ನು ಯಾರನ್ನು ಕೇಳಬೇಕು? ಮೇಲ್ಮನೆಯಾಕೆಗೆ ಹೊಗೆಯ ವಾಸನೆ ಬರುವವರೆಗೆ ಕಾಯಬೇಕೆ?

ನನ್ನ ಬೇಡಿಕೆ ದೊಡ್ಡದೇನಲ್ಲ. ತಮ್ಮ ಆಕ್ಷೇಪಣೆಯಲ್ಲಿರುವ ‘ಅನವಶ್ಯಕ’ ಎಂಬ ಮಾತನ್ನು ಹೊಡೆದುಹಾಕಿ, ಸದ್ದಿರುವ ಮುಚ್ಚಳವನ್ನೇ ಪರೀಕ್ಷೆಗೆ ತೆಗೆದುಕೊಳ್ಳಿ. ಸುಮ್ಮನೆ ಒಪ್ಪಿ ಎನ್ನುತ್ತಿಲ್ಲ. ಎರಡೂ ಪಂಪುಗಳನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡು, ಮೇಲೆ ಅಂಗಿ ಬಿಟ್ಟುಕೊಂಡು, ಕಣ್ಣು ಮುಚ್ಚಿ ಮುಚ್ಚಳ ಹಾಕಿ ನೋಡಿ. ಯಾವುದು ಕೂತಿತು, ಯಾವುದು ಕೂರಲಿಲ್ಲ ಎಂದು ಯಾರನ್ನೂ ಕೇಳದೆ ಹೇಳಿ. ಅದಕ್ಕೂ ಮನಸ್ಸಿಲ್ಲದಿದ್ದರೆ ಇನ್ನೊಂದು ದಾರಿಯಿದೆ. ತಮ್ಮ ಕಚೇರಿಯಿಂದ ದಿನಾ ಬೆಳಿಗ್ಗೆ ಒಬ್ಬರನ್ನು ನಮ್ಮ ಮನೆಗೆ ಕಳಿಸಿಕೊಡಿ. ಚಿಕ್ಕಮ್ಮ “ಮುಚ್ಚಿತೇ?” ಎಂದಾಗ ಬಗ್ಗಿ ನೋಡಿ ಉತ್ತರ ಹೇಳಿದರೆ ಸಾಕು. ಚಹಾ ನಾವು ಕೊಡುತ್ತೇವೆ. ಬೈಗುಳ ಚಿಕ್ಕಮ್ಮ ಕೊಡುತ್ತಾರೆ.

ಈ ಪತ್ರವನ್ನು ಕಳಿಸುವ ಮುಂಚೆ ಅವರಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. “ಪಾಪ, ಆ ಮನುಷ್ಯನ್ನ ಅಷ್ಟೊಂದು ಯಾಕೆ ಗೋಳು ಹೊಯ್ಕೋತೀಯ? ಅವರಿಗೆ ಗೊತ್ತಾಗಿರಲ್ಲ,” ಎಂದರು. ಆಮೇಲೆ ಬಟ್ಟೆ ಹೊದಿಸಿದ ಹೊಲಿಗೆ ಯಂತ್ರದ ಕಡೆ ನೋಡಿ, “ಮೇಲ್ಮನೆ ಮಗು ಬೆಳೀತಾ ಇದೆ ಕಣೋ. ಅಳತೆ ಮತ್ತೆ ತಗೋಬೇಕು,” ಎಂದರು.

ಮಗು ಬೆಳೆಯುತ್ತಿದೆ, ಮಾನ್ಯರೇ. ಇಸ್ತ್ರಿಪೆಟ್ಟಿಗೆ ಇನ್ನೂ ಬೀರುವಿನ ಮೇಲೆಯೇ ಇದೆ. ನನಗೆ ಅದು ಕೈಗೆಟುಕುತ್ತದೆ, ನನ್ನ ಹೆಂಡತಿಗೂ ಎಟುಕುತ್ತದೆ. ಆದರೆ ಅದನ್ನು ಕೆಳಗಿಳಿಸುವ ಅಧಿಕಾರ ಸದ್ಯಕ್ಕೆ ತಮ್ಮೊಬ್ಬರಿಗೇ ಇದೆ.

ಇಂತಿ,
ತಮ್ಮ ಠಪ್ ಸದ್ದಿಗಾಗಿ ಕಿವಿ ನೆಟ್ಟು ಕೂತಿರುವ,
ಚೀಲದಲ್ಲಿ ಪಂಪಿದ್ದೂ ಮನೆಯವರಿಗೆ ಕೊಡಲಾಗದ
ಒಬ್ಬ ಮುಚ್ಚಳದ ಎಂಜಿನಿಯರ್